ಚಿತ್ರಗಾರ ಕಾಕಾನ ಖಾಲಿ ದ್ವೀಪಗಳು

ಮುಂಬಯಿಯ ಮುಲುಂಡಿನ ನಮ್ಮ ಸೊಸೈಟಿಯಲ್ಲಿ ಈ ಸಲ ಗಣಪತಿಯ ಹಿಂದೆ ಫ್ಲೆಕ್ಸ್ ಬೇಡ, ಕೈಯಿಂದ ಬರೆದ ಪರದೆಯೇ ಇರಲಿ ಎಂದು ಯಾರಿಗೋ ಹುಕ್ಕಿ ಬಂತು. ಮೊನ್ನೆ ಭಾನುವಾರ ಬೆಳಿಗ್ಗೆ ಇಬ್ಬರು ಕೆಲಸಗಾರರು ಪಾರ್ಕಿಂಗಿನಲ್ಲಿ ಸ್ಟೋವ್ ಹಚ್ಚಿ ಅಂಟು ಕುದಿಸಲು ಕೂತರು. ಕುದಿಯುವ ಅಂಟು, ನೆನೆಸಿಟ್ಟ ಸೀಮೆಸುಣ್ಣದ ಪುಡಿ, ಹೊಸ ಕೋರಾ ಬಟ್ಟೆ, ಈ ಮೂರೂ ಬೆರೆತ ವಾಸನೆ ನಾಲ್ಕನೆಯ ಮಹಡಿಗೆ ಏರಿದ್ದೇ ತಡ, ನಾನು ಎದ್ದು ಮನೆಯ ಕಿಟಕಿಗಳನ್ನೆಲ್ಲ ಹಾಕಿಬಿಟ್ಟೆ.

“ಮಮ್ಮಾ, ಪಾಗಲ್ ಆಗೀಯೇನು? ಕಿತನಾ ಗರಮಿ ಅದ!” ಎಂದಳು ಮಗಳು ಸಾನ್ವಿ. ಈಗ ಎಂಟನೆಯ ಇಯತ್ತೆ. ಅವಳ ಒಂದು ವಾಕ್ಯದಲ್ಲಿ ಎರಡು ಕನ್ನಡ ಶಬ್ದ ಸಿಕ್ಕರೆ ಅದು ನನ್ನ ಪುಣ್ಯ. ಆ ವಾಸನೆ ಅವಳಿಗೆ ನೆನಪಿಲ್ಲ. ಇಲ್ಲದಿರುವುದೇ ಒಳ್ಳೆಯದು.

ನಾನು ದೆವ್ವ ಗಿವ್ವ ನಂಬುವ ಪೈಕಿ ಅಲ್ಲ. ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಸತ್ತವರ ಕಾಗದಪತ್ರ ನೋಡುವ ಟೇಬಲ್ ನನ್ನದು. ಆ ಟೇಬಲ್ಲಿಗೆ ಕೂತವರಿಗೆ ಬಲುಬೇಗ ಎದೆ ಗಟ್ಟಿಯಾಗುತ್ತದೆ, ಮಧ್ಯಾಹ್ನದ ಡಬ್ಬಿಯನ್ನೂ ಅದೇ ಟೇಬಲ್ಲಿನ ಮೇಲೆ ಬಿಚ್ಚಿ ಉಣ್ಣುತ್ತೇವೆ. ಆದರೂ ಐದು ವರ್ಷದ ಹಿಂದಿನ ಆ ಮಳೆಗಾಲದ ಬಗ್ಗೆ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಆ ವರ್ಷ ಜನವರಿಯಲ್ಲಿ ನನ್ನ ಗಂಡ ಪ್ರಸನ್ನ ಲಕ್ಷದ್ವೀಪಕ್ಕೆ ಹೋದ. ಸಮುದ್ರದಲ್ಲಿ ಜೆಟ್ಟಿ ಕಟ್ಟಿಸುವ ಒಂದು ಕಂಪನಿಯಲ್ಲಿ ಅವನು ಇಂಜಿನಿಯರ್. ಮಳೆ ಹಿಡಿಯುವುದರೊಳಗೆ ಬಂದುಬಿಡುತ್ತೇನೆ ಎಂದು ಹೇಳಿ ಹೊರಟವನು. ಅಲ್ಲಿ ಫೋನ್ ಹತ್ತುವುದು ದೇವರು ಕೊಟ್ಟಾಗ. ಸಾನ್ವಿಗೆ ಆಗ ಎಂಟು ವರ್ಷ. ಅವಳ ಗೆಳತಿಯೊಬ್ಬಳ ಅಪ್ಪ ದುಬೈಗೆ ಹೋಗುತ್ತೇನೆಂದು ಹೇಳಿ ಥಾಣೆಯಲ್ಲಿ ಬೇರೆ ಸಂಸಾರ ಹೂಡಿದ್ದ. ಅದನ್ನು ಕೇಳಿ ಬಂದ ದಿನದಿಂದ ನನ್ನ ಮಗಳು ಫೋನಿನ ಹತ್ತಿರವೇ ಬರಲಿಲ್ಲ. “ಐಲ್ಯಾಂಡ್ ವಗೈರೆ ಏನೂ ಇಲ್ಲ. ಪಾಪಾ ಝೂಟ್ ಹೇಳತಾರ,” ಎಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಪ್ರಸನ್ನ ಕಳಿಸಿದ ಫೋಟೋ ತೋರಿಸಿದರೆ, ಇಂಥವು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತವೆ ಎಂದುಬಿಟ್ಟಳು.

ಏಪ್ರಿಲಿನಲ್ಲಿ ಮಾಟುಂಗದ ನಮ್ಮ ಕನ್ನಡ ಸಂಘದವರು ವಾರ್ಷಿಕೋತ್ಸವದ ನಾಟಕಕ್ಕೆ ಪರದೆ ತರುವ ಕೆಲಸ ನನಗೆ ಗಂಟುಹಾಕಿದರು. ಸಭೆಗೆ ತಡವಾಗಿ ಹೋದವರಿಗೆ ಇಂಥ ಕೆಲಸವೇ ಉಳಿದಿರುತ್ತದೆ. ಅವರು ಕೊಟ್ಟ ವಿಳಾಸ ಹಿಡಿದು ಹೋದೆ. ಹೂವಿನ ಅಂಗಡಿಗಳ ಸಾಲು ದಾಟಿ, ಎರಡು ಗಲ್ಲಿ ಒಳಗೆ, ಹಳೆಯ ಬಿಲ್ಡಿಂಗೊಂದರ ನೆಲಮಹಡಿ. ಒಂದು ಕಾಲಕ್ಕೆ ಫೋಟೋ ಸ್ಟುಡಿಯೋದವರ ಗೋದಾಮಾಗಿದ್ದ ಕೋಣೆ. ಬಾಗಿಲು ತೆರೆದೇ ಇತ್ತು. ಒಳಗೆ ಹೆಜ್ಜೆ ಇಟ್ಟವಳು ಹಾಗೇ ನಿಂತುಬಿಟ್ಟೆ.

ಸೂರಿನಿಂದ ಪರದೆಗಳನ್ನು ಒಂದರ ಹಿಂದೆ ಒಂದು ಇಳಿಬಿಟ್ಟಿದ್ದರು. ಎಲ್ಲವೂ ದ್ವೀಪಗಳು. ಒಂದರಲ್ಲಿ ಬೆಳಗು, ಒಂದರಲ್ಲಿ ಸುಡುವ ಮಧ್ಯಾಹ್ನ, ಒಂದರಲ್ಲಿ ಮಳೆ ಬರುವ ಮುಂಚಿನ ಕಪ್ಪು. ಫ್ಯಾನ್ ಇರಲಿಲ್ಲ, ಆದರೂ ಬಟ್ಟೆ ಮೆಲ್ಲಗೆ ಅಲುಗುತ್ತಿತ್ತು. ಎಷ್ಟು ಹುಡುಕಿದರೂ ಯಾವ ದ್ವೀಪದಲ್ಲೂ ಒಂದು ನರಪಿಳ್ಳೆ ಇಲ್ಲ. ಆದರೆ ಒಲೆಯಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ಕೆತ್ತಿದ ಎಳನೀರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಚಾಪೆಯ ಮೇಲೆ ಯಾರೋ ಮಲಗಿ ಎದ್ದ ತಗ್ಗು. ನನ್ನ ಹೆಜ್ಜೆ ಸಪ್ಪಳ ಕೇಳಿ ಅವರೆಲ್ಲ ಈಗಷ್ಟೇ ಮರೆಗೆ ಸರಿದರು ಎಂದು ಅನಿಸಿ ಹಗಲು ಹೊತ್ತಿನಲ್ಲೇ ನನ್ನ ಮೈ ಜುಮ್ಮೆಂದಿತು.

“ಯಾರವಾ? ಬಾ, ಬಾ. ಬಕೀಟ ಎಡವೀ ಮತ್ತ,” ಎನ್ನುತ್ತ ಕೊನೆಯ ಪರದೆಯ ಹಿಂದಿನಿಂದ ಬಂದವರೇ ಚಿತ್ರಗಾರ ಕಾಕಾ.

ಎಪ್ಪತ್ತರ ಹತ್ತಿರದ ವಯಸ್ಸು. ದೋತರ, ತೋಳಿಲ್ಲದ ಬನಿಯನ್ನು. ಚಿಕ್ಕಂದಿನಿಂದ ಎಡಗೈಯಲ್ಲಿ ಬಣ್ಣದ ಬಕೆಟ್ಟು ಹೊತ್ತೂ ಹೊತ್ತೂ ಎಡ ಭುಜ ಬಲಕ್ಕಿಂತ ಮೂರು ಬೆರಳು ಕೆಳಗೆ ಇಳಿದಿತ್ತು. ಗದಗಿನ ಕಡೆಯ ಹಳ್ಳಿಯವರು. ಚಿತ್ರಗಾರ ಎನ್ನುವುದು ಮನೆತನದ ಹೆಸರೂ ಹೌದು, ಕಸುಬೂ ಹೌದು. ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಅರಮನೆ, ಬೀದಿ, ಕಾಡು, ತೋಟ, ಈ ನಾಲ್ಕು ಪರದೆ ಇದ್ದರೆ ಯಾವ ನಾಟಕವನ್ನಾದರೂ ಆಡಬಹುದಿತ್ತಂತೆ. ಕಂಪನಿಗಳು ಮುಳುಗಿದ ಮೇಲೆ ಕಾಕಾ ಮುಂಬಯಿಗೆ ಬಂದರು. ಒಬ್ಬ ಕಂತ್ರಾಟುದಾರನ ಜೊತೆ, ದೋಣಿಗಳ ಮೇಲೆ ಹೆಸರು ಬರೆಯುವ ಕೆಲಸಕ್ಕೆ ಅಂಡಮಾನಿಗೆ ಹೋದವರು ಎರಡು ಮಳೆಗಾಲ ಅಲ್ಲೇ ನಿಂತರು. ತಿರುಗಿ ಬಂದ ಮೇಲೆ ಅರಮನೆಯನ್ನೂ ಬರೆಯಲಿಲ್ಲ, ಬೀದಿಯನ್ನೂ ಬರೆಯಲಿಲ್ಲ. ನಲವತ್ತು ವರ್ಷ ಬರೀ ದ್ವೀಪಗಳು. ದಾದರಿನಿಂದ ಘಾಟಕೋಪರದವರೆಗೆ ಎಷ್ಟೋ ಸ್ಟುಡಿಯೋಗಳಲ್ಲಿ, ಗೋವಾ ಕೂಡ ನೋಡದ ಹೊಸ ಜೋಡಿಗಳು ಕಾಕಾನ ದ್ವೀಪದ ಮುಂದೆ ನಿಂತು ಹನಿಮೂನ್ ಮುಗಿಸಿಕೊಂಡಿವೆ.

ಸಂಘದ ಪರದೆ ಒಂದು ನೆಪವಾಯಿತು. ನಾನು ಶನಿವಾರ ಕಚೇರಿ ಅರ್ಧ ದಿನ ಮುಗಿಸಿ ಮಾಟುಂಗದಲ್ಲಿ ಇಳಿಯತೊಡಗಿದೆ. ಕಾಕಾ ಕೆಲಸ ಮಾಡುವುದನ್ನು ನೋಡುತ್ತ ಕೂತರೆ ಮನೆಯ ಚಿಂತೆ ಮರೆಯುತ್ತಿತ್ತು. ಅವರು ಮೊದಲು ಆಕಾಶ ಬರೆಯುತ್ತಿದ್ದರು, ಆಮೇಲೆ ನೆಲ, ಎಲ್ಲಕ್ಕಿಂತ ಕೊನೆಗೆ ನೀರು. ನೀರನ್ನು ಮೊದಲು ಬರೆದರೆ ಅದು ದಂಡೆಯನ್ನು ತಿಂದುಬಿಡುತ್ತದೆ ಎನ್ನುವುದು ಅವರ ಲೆಕ್ಕ. ತೆಂಗಿನ ಗರಿಗೆ ಹಸಿರು ಹಚ್ಚುತ್ತಿರಲಿಲ್ಲ. “ಹಸರ ಹಚ್ಚಿದ್ರ ಸುಳ್ಳ ಕಾಣತೈತಿ. ಅಲ್ಲೆ ಮಧ್ಯಾಹ್ನದಾಗ ಗರಿ ಕರ್ರಗ ಇರತಾವ, ತುದಿ ಅಷ್ಟ ಬೆಳ್ಳಗ ಮಿಂಚತಾವ,” ಎನ್ನುತ್ತಿದ್ದರು. ಬಣ್ಣಕ್ಕೆ ಬೆರೆಸುವ ಅಂಟು ಕೊಳೆಯದಂತೆ ಹಿಡಿ ಉಪ್ಪು ಹಾಕುತ್ತಿದ್ದರಿಂದ ಅವರ ಪರದೆಗಳ ಅಂಚು ನಾಲಿಗೆಗೆ ಉಪ್ಪುಪ್ಪಾಗಿರುತ್ತಿತ್ತು. ಅರ್ಧ ತಾಸಿಗೊಮ್ಮೆ ಬಾಗಿಲವರೆಗೆ ಹೋಗಿ, ಪರದೆಗೆ ಬೆನ್ನು ಮಾಡಿ, ದೋತರ ಎತ್ತಿ ಕಟ್ಟಿ, ಬಗ್ಗಿ, ಕಾಲುಗಳ ನಡುವಿನಿಂದ ಚಿತ್ರ ನೋಡುತ್ತಿದ್ದರು. ತಲೆಕೆಳಗಾಗಿ ನೋಡಿದಾಗ ಮಾತ್ರ ತಪ್ಪು ಕಾಣುತ್ತದಂತೆ. ಗಲ್ಲಿಯಲ್ಲಿ ಹೋಗುವ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

“ಅಂಡಮಾನ ಬಿಟ್ಟು ಇಷ್ಟು ವರ್ಷ ಆತು ಕಾಕಾ, ಮತ್ತ ನೋಡಬೇಕು ಅನಸಂಗಿಲ್ಲೇನು?” ಎಂದು ಒಮ್ಮೆ ಕೇಳಿದೆ.

“ನಾವು ಕುಂತ ಈ ಮುಂಬಯಿನೂ ದ್ವೀಪಾನ, ಯವ್ವಾ. ಮಂದಿ ಹೆಚ್ಚಾಗಿ ಗುರ್ತ ಸಿಗವಲ್ದು.”

ನನ್ನ ಮಗಳ ಕಥೆ ಹೇಳಿದೆ. ಪ್ರಸನ್ನ ಇರುವ ದ್ವೀಪವನ್ನು ಒಂದು ಸಣ್ಣ ಪರದೆಯಾಗಿ ಬರೆದುಕೊಡಿ, ಅವಳ ಕೋಣೆಯಲ್ಲಿ ತೂಗಹಾಕುತ್ತೇನೆ ಎಂದೆ. ಕಾಕಾ ಖುಷಿಯಿಂದ ಒಪ್ಪಿದರು. ಫೋನಿನಲ್ಲಿದ್ದ ಫೋಟೋಗಳನ್ನು ದೊಡ್ಡದು ಮಾಡಿ ಮಾಡಿ ನೋಡಿ, ಎರಡು ವಾರದಲ್ಲಿ ಮುಗಿಸಿದರು. ಬಿಳಿ ಮರಳು, ಬಾಗಿದ ಏಳು ತೆಂಗು, ತಗಡಿನ ಒಂದು ಶೆಡ್ಡು, ಬೋರಲು ಹಾಕಿದ ದೋಣಿ. ಮೇ ತಿಂಗಳ ಒಂದು ಶನಿವಾರ ಸಾನ್ವಿಯನ್ನು ಕರೆದುಕೊಂಡು ಹೋದೆ. ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಬಿಳಿ ಮರಳಿನ ಮೇಲೆ ಬೆರಳಿಟ್ಟಳು.

“ಇದರಾಗ ಪಾಪಾ ಕಿಧರ್ ಇದಾರ? ನೋಡು, ಖಾಲಿ ಅದ. ನಾ ಹೇಳಿಲ್ಲೇನು, ಅಲ್ಲಿ ಯಾರೂ ಇಲ್ಲ.”

“ಒಂದು ಸಣ್ಣ ಆಕೃತಿ ಹಾಕಿಬಿಡ್ರಿ ಕಾಕಾ,” ಎಂದೆ ನಾನು.

ಕಾಕಾ ಬ್ರಶ್ಶು ಕೆಳಗಿಟ್ಟರು. ಸಾನ್ವಿಯನ್ನು ಹೊರಗೆ ಕಟ್ಟೆಯ ಮೇಲೆ ಬಿಸ್ಕೀಟು ಕೊಟ್ಟು ಕೂಡಿಸಿ ಬಂದು, ನನ್ನ ಎದುರು ಕೂತರು.

“ಪರದ್ಯಾಗ ಮನಶ್ಯಾನ್ನ ಬರೀಬಾರದವಾ. ಅದು ಮುಂದ ಬಂದು ನಿಂದರಾವನ ಜಾಗಾ. ಅದಕ್ಕ ನಮ್ಮ ಮನ್ಯಾಗ ಎಲ್ಲಾರೂ ಖಾಲಿ ಬಿಡತೀವಿ.”

ಒಮ್ಮೆ ಅವರ ಅಪ್ಪ ಈ ಕಟ್ಟಳೆಯನ್ನು ಮುರಿದಿದ್ದರಂತೆ. ಕಂಪನಿಯ ಮಾಲಕ ಹಟ ಹಿಡಿದ, ತೋಟದ ಪರದೆಯಲ್ಲಿ ಒಬ್ಬ ಮಾಲಿ ಇರಬೇಕು ಎಂದು. ಕಂಪನಿಯ ಒಬ್ಬ ನಟನನ್ನೇ ನಿಲ್ಲಿಸಿಕೊಂಡು ಅಪ್ಪ ಬರೆದರು. ಎಂಟು ದಿನಕ್ಕೆ ಆ ನಟ ಸ್ನಾನಕ್ಕೆಂದು ಹೊಳೆಗೆ ಹೋದವನು ಬರಲಿಲ್ಲ. ಎಲ್ಲರೂ ಹುಡುಕುತ್ತಿರುವಾಗ ಅಪ್ಪ ಹೆದರಿ, ಒದ್ದೆ ಬಟ್ಟೆ ತಗೊಂಡು ಪರದೆಯಿಂದ ಮಾಲಿಯನ್ನು ಒರೆಸಿಬಿಟ್ಟರು. ಮರುದಿನ ಹೊಳೆಯಲ್ಲಿ ಹೆಣ ತೇಲಿತು.

“ಒರಿಸಿದ್ದ ತಪ್ಪಾತು,” ಎಂದರು ಕಾಕಾ. “ತುಂಬಿದ ಜಾಗಾ ಖಾಲಿ ಬಿಟ್ರ ಅದು ಮೊದಲ ನಿಂತಾವನ್ನ ಹುಡಿಕ್ಕೊಂಡು ಹೋಗತೈತಿ. ಅಲ್ಲೆ ಬ್ಯಾರೆಯವರನ್ನ ನಿಂದರಸಬೇಕಿತ್ತು. ಅಪ್ಪ ಸಾಯೂತನಕ ಅದನ್ನ ಅಂತಿದ್ದ.”

ನಾನು ನಕ್ಕೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆದರೆ ನಕ್ಕದ್ದು ಹೌದು. ಹೊಳೆಯಲ್ಲಿ ಈಜು ಬಾರದವರು ಮುಳುಗುತ್ತಾರೆ, ಇದರಲ್ಲಿ ಪರದೆಯದೇನು ತಪ್ಪು ಎಂದೆ. ಹುಡುಗಿ ಊಟ ಬಿಟ್ಟಿದ್ದಾಳೆ ಎಂದೆ. ಮಕ್ಕಳಿಲ್ಲದವರಿಗೆ ಇದು ತಿಳಿಯುವುದಿಲ್ಲ ಎಂದೂ ಅಂದುಬಿಟ್ಟೆ. ಕಾಕಾನ ಹೆಂಡತಿ ಹೆರಿಗೆಯಲ್ಲಿ ತೀರಿಹೋದದ್ದು ನನಗೆ ಗೊತ್ತಿತ್ತು. ಅವರು ಕೆಳಗಿಟ್ಟ ಬ್ರಶ್ಶನ್ನು ಮತ್ತೆ ಕೈಗೆತ್ತಿಕೊಂಡರು. ಆಮೇಲೆ, “ಮಾರಿ ಕಾಣೋದು ಬ್ಯಾಡ. ಬೆನ್ನಿಂದ ಒಂದು ಫೋಟೋ ಇದ್ರ ಕೊಡು,” ಎಂದರು.

ಹೀಗೆ ಪ್ರಸನ್ನ ಪರದೆಯೊಳಗೆ ಬಂದ. ನೀಲಿ ಶರ್ಟು, ಮಡಿಸಿದ ಪ್ಯಾಂಟು, ಸಮುದ್ರದ ಕಡೆಗೆ ಮುಖ. ಗೇಣುದ್ದ ಕೂಡ ಇರಲಿಲ್ಲ, ಆದರೂ ಆ ಕುತ್ತಿಗೆ ಅವನದೇ. ಸಾನ್ವಿ ಅಂದು ಎರಡು ಚಪಾತಿ ತಿಂದಳು, ಅಪ್ಪನ ಹತ್ತಿರ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದಳು. ನಾನು ಗೆದ್ದೆ ಎಂದುಕೊಂಡೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಕೆಲಸ ಮುಗಿಯದೆ ಪ್ರಸನ್ನ ಅಲ್ಲೇ ಸಿಕ್ಕಿಬಿದ್ದ, ಹಡಗುಗಳು ನಿಂತವು. ಮುಂಬಯಿಯ ಮಳೆಗಾಲದಲ್ಲಿ ಮನೆಯೊಳಗಿನ ಯಾವ ಬಟ್ಟೆಯೂ ಪೂರ್ತಿ ಒಣಗುವುದಿಲ್ಲ. ಪರದೆಯ ಕೆಳ ಅಂಚು ಸದಾ ತಣ್ಣಗಿರುತ್ತಿತ್ತು. ಒಂದು ಬೆಳಿಗ್ಗೆ ಸಾನ್ವಿ ಜಡೆ ಹಾಕಿಸಿಕೊಳ್ಳುತ್ತ, “ಮಮ್ಮಾ, ಪಾಪಾ ಪಾನಿ ಕಡೆ ಹೊಂಟಾರ,” ಎಂದಳು.

ಜಡೆ ಮುಗಿಸಿ, ಹೊಲಿಗೆ ಟೇಪು ತಗೊಂಡು ಅಳೆದೆ. ಅವನ ಪಾದದಿಂದ ನೊರೆಯ ಗೆರೆಗೆ ಒಂಬತ್ತು ಇಂಚು. ಸುಮ್ಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟೆ. ಮುಂದಿನ ವಾರ ಎಂಟು. ಅದರ ಮುಂದಿನ ವಾರ ಆರೂವರೆ. ಕೋರಾ ಬಟ್ಟೆ ತೇವಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ, ಇದು ಯಾರಿಗೆ ಗೊತ್ತಿಲ್ಲ? ಆದರೆ ಅದೇ ಬಟ್ಟೆಯ ಮೇಲಿನ ತೆಂಗಿನ ಮರಗಳ ನಡುವಿನ ಅಂತರ ಒಂದು ನೂಲಿನಷ್ಟೂ ಬದಲಾಗಿರಲಿಲ್ಲ. ಅದನ್ನೂ ಅಳೆದೆ. ಅಳೆಯಬಾರದಿತ್ತು.

ಜುಲೈ ಮೊದಲ ಶನಿವಾರ ಕಂಪನಿಯಿಂದ ಫೋನ್ ಬಂತು. ಒಬ್ಬ ಕೂಲಿಯವನಿಗೆ ಹೊಟ್ಟೆನೋವು ಜೋರಾಗಿ, ಮಳೆ ಬಿಡುವು ಕೊಟ್ಟಾಗ ಅವನನ್ನು ದೊಡ್ಡ ದ್ವೀಪದ ಆಸ್ಪತ್ರೆಗೆ ಸೇರಿಸಲು, ಅವನೂ ಸೇರಿ ಐದು ಜನ ಸಣ್ಣ ದೋಣಿಯಲ್ಲಿ ಹೊರಟಿದ್ದರು. ಅವರಲ್ಲಿ ಪ್ರಸನ್ನನೂ ಒಬ್ಬ. ದೋಣಿ ಮುಟ್ಟಿಲ್ಲ. ಹುಡುಕುತ್ತಿದ್ದೇವೆ ಎಂದರು.

ದಿನಕ್ಕೆ ಎಷ್ಟು ಸಲ ಫೋನ್ ಮಾಡಿದೆನೋ. ಹುಡುಕುತ್ತಿದ್ದೇವೆ, ಹುಡುಕುತ್ತಿದ್ದೇವೆ. ಮಗಳಿಗೆ ನೆಟ್‌ವರ್ಕ್ ಇಲ್ಲ ಎಂದು ಸುಳ್ಳು ಹೇಳಿದೆ. ಅವಳನ್ನು ಪಕ್ಕದ ಮನೆಯ ಮಾವಶಿಯ ಹತ್ತಿರ ಬಿಟ್ಟು ಕಚೇರಿಗೆ ಹೋಗಿ, ಬೇರೆಯವರ ಗಂಡಂದಿರ ಕಾಗದ ಮುಂದೆ ಇಟ್ಟುಕೊಂಡು ಕೂತಿರುತ್ತಿದ್ದೆ. ಆ ಫೋನ್ ಬಂದು ಹತ್ತು ದಿನಕ್ಕೆ ಅಳೆದಾಗ ಪಾದಕ್ಕೂ ನೊರೆಗೂ ಎರಡು ಬೆರಳು ಉಳಿದಿತ್ತು. ಮರುದಿನ, ಬುಧವಾರ, ಪರದೆಯನ್ನು ಸುರುಳಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಂಡು ಮಾಟುಂಗಕ್ಕೆ ಹೊರಟೆ.

ಗಲ್ಲಿಯಲ್ಲಿ ಮೊಣಕಾಲುದ್ದ ನೀರು. ಕಾಕಾನ ಕೋಣೆಯೊಳಗೂ ನೀರು. ಅವರು ಬರಿಗಾಲಲ್ಲಿ ಆ ಹೊಲಸು ನೀರಿನಲ್ಲಿ ನಿಂತು ಪರದೆಗಳನ್ನು ಮೇಲೆ ಎತ್ತಿ ಕಟ್ಟುತ್ತಿದ್ದರು. ದ್ವೀಪಗಳ ಕೆಳಗೆ ನಿಜವಾದ ನೀರು ಅಲುಗುತ್ತಿತ್ತು. ನಾನು ಬಾಗಿಲಲ್ಲೇ ಅತ್ತುಬಿಟ್ಟೆ. ಎಲ್ಲ ಹೇಳಿದೆ, ಟೇಪಿನ ವಿಷಯವನ್ನೂ ಹೇಳಿದೆ. ಅವರು, ನಾನು ಹೇಳಿರಲಿಲ್ಲವೇ, ಎಂದು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಪರದೆ ಬಿಚ್ಚಿ ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದರು. ಬಾಗಿಲ ಹತ್ತಿರ ಹೋಗಿ, ನೀರಿನಲ್ಲೇ ಬಗ್ಗಿ, ಕಾಲುಗಳ ನಡುವಿನಿಂದ ನೋಡಿದರು. ಎದ್ದು ನಿಂತಾಗ ಮುಖ ಬಿಳಿಚಿಕೊಂಡಿತ್ತು.

“ಒರಸಂಗಿಲ್ಲ. ನಿನಗ ಹೇಳೀನಲ್ಲ,” ಎಂದರು. “ನಿನ್ನ ಫೋನ್ ತಗಿ. ನನ್ನ ಬೆನ್ನಿಂದೊಂದು ಫೋಟೋ ಹೊಡಿ.”

ಯಾಕೆ ಎಂದು ನನಗೆ ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ತಿಳಿಯಿತು. “ಬ್ಯಾಡ್ರಿ ಕಾಕಾ,” ಎಂದೆ. ಒಂದೇ ಸಲ ಎಂದೆ, ಮೆಲ್ಲಗೆ ಎಂದೆ.

“ಹುಚ್ಚಿ, ನಾ ಬರದ ದ್ವೀಪ ನನಗೇನ ಮಾಡತೈತಿ? ಹಡದ ಕೂಸು ತಾಯಿನ್ನ ನುಂಗತೈತೇನು?” ಎಂದು ನಕ್ಕರು. ನಗುವಾಗ ಧೈರ್ಯವಾಗಿಯೇ ಇದ್ದರು. ಆಮೇಲೆ ನನಗೆ ಬೆನ್ನು ಮಾಡಿ ನಿಂತರು. ನಾನು ಕಣ್ಣೊರೆಸಿಕೊಂಡು, ಫೋನ್ ಎತ್ತಿ ಹಿಡಿದು, ಫೋಟೋ ಮಸುಕಾಗದಂತೆ ಮೊಣಕೈಯನ್ನು ಬಾಗಿಲಿಗೆ ಊರಿ ಫೋಟೋ ತೆಗೆದೆ. “ಚೆಂದ ಬಂದೈತೇನು?” ಎಂದು ಕೇಳಿದರು. “ಬಂದದ,” ಎಂದೆ.

ಫೋನನ್ನು ಎದುರಿಗೆ ಹಿಡಿದು ನಿಂತೆ, ಅವರು ಬರೆದರು. ನೀಲಿ ಶರ್ಟಿನ ಮೇಲೆ ಬಿಳಿ ಬನಿಯನ್ನು ಬಂತು. ಪ್ಯಾಂಟಿನ ಮೇಲೆ ದೋತರ. ಕೊನೆಗೆ ಎಡ ಭುಜವನ್ನು ಇಳಿಸಿದರು. ಮಧ್ಯಾಹ್ನ ಮೂರು ಗಂಟೆ ಇರಬೇಕು. ಬಣ್ಣ ಆರಿದ ಮೇಲೆ ಪರದೆಯನ್ನು ಸುತ್ತಿಕೊಂಡು ಹೋಗಿ ಮತ್ತೆ ಸಾನ್ವಿಯ ಕೋಣೆಯಲ್ಲೇ ತೂಗಹಾಕಿದೆ.

ಮರುದಿನ ನಾನು ಲೋಕಲ್ ರೈಲಿನಲ್ಲಿದ್ದಾಗ ಫೋನ್ ಬಂತು. ಪ್ರಸನ್ನನ ದನಿ. ಬದುಕಿದ್ದ, ಐವರೂ ಬದುಕಿದ್ದರು. ನಾನು ಬಾಗಿಲ ಹತ್ತಿರದ ಕಂಬಿ ಹಿಡಿದು ಜೋರಾಗಿ ಅತ್ತೆ. ಮೀನಿನ ಬುಟ್ಟಿಯ ಹೆಂಗಸೊಬ್ಬಳು ನನ್ನ ಸೊಂಟ ಹಿಡಿದುಕೊಂಡಳು.

ಹತ್ತು ದಿನಕ್ಕೆ ಮನೆಗೆ ಬಂದ. ಕಪ್ಪಾಗಿ, ಅರ್ಧ ಆಗಿ ಬಂದಿದ್ದ. ದೋಣಿಯ ಇಂಜಿನ್ ಕೆಟ್ಟು, ಜನವಸತಿ ಇಲ್ಲದ ಒಂದು ಪುಟ್ಟ ದ್ವೀಪಕ್ಕೆ ಬಿದ್ದಿದ್ದರಂತೆ. ಎಳನೀರು, ಮಳೆನೀರು, ಹಸಿ ತೆಂಗಿನಕಾಯಿ, ಇಷ್ಟರಲ್ಲೇ ಜೀವ ಹಿಡಿದಿದ್ದರು. ಊಟ ಮಾಡುತ್ತ ಅವನು ಸಹಜವಾಗಿ ಹೇಳಿದ:

“ಬುಧವಾರ ಮಧ್ಯಾಹ್ನ ಇನ್ನ ಮುಗೀತು ಅನ್ಕೊಂಡಿದ್ವಿ. ಆಗ ಆ ಕಡೆ ದಂಡಿ ಮ್ಯಾಲೆ ಒಬ್ಬಾಂವ ನಿಂತಿದ್ದ, ದೋತರ ಉಟ್ಟಾಂವ. ಬೆನ್ನ ಅಷ್ಟ ಕಾಣತಿತ್ತು, ಒಂದು ಭುಜ ಇಳಿದಿತ್ತು. ಎಷ್ಟ ಕೂಗಿದರೂ ಹೊಳ್ಳಿ ನೋಡ್ಲಿಲ್ಲ. ಅವನ್ನ ಹಿಡಿಯೋಣ ಅಂತ ಆ ಕಡೆ ಹೋದ್ವಿ. ಅಲ್ಲಿ ಯಾರೂ ಇರಲಿಲ್ಲ. ಆದರ ಅಲ್ಲಿಂದ ಮೀನಗಾರರ ದೋಣಿ ಕಾಣಿಸ್ತು ನೋಡು! ಊಟಿಲ್ಲದ ತಲಿ ತಿರುಗಿ ಏನೇನೋ ಕಾಣತಾವ.”

ನಾನು ಅವನ ತಾಟಿಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಪರದೆಯಲ್ಲಿ ಈಗ ಅಪ್ಪ ಯಾಕಿಲ್ಲ ಎಂದು ಸಾನ್ವಿ ಒಂದು ಸಲ ಕೇಳಿದಳು. ಅಪ್ಪ ಮನೆಗೆ ಬಂದನಲ್ಲ, ಅದಕ್ಕೆ ಅಜ್ಜ ನಿಂತಿದ್ದಾರೆ ಎಂದೆ. ಮಗುವಿಗೆ ಅಷ್ಟು ಸಾಕಾಯಿತು.

ಕಾಕಾನಿಗೆ ಜ್ವರ ಎಂದು ಸಂಘದವರು ಹೇಳಿದರು. ಪ್ರಸನ್ನನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ಮಳೆನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಪ್ರತಿ ವರ್ಷ ಈ ಊರಿನಲ್ಲಿ ಬರುವ ಜ್ವರವೇ ಅದು, ಇಲಿಯಿಂದ ಬರುವಂಥದ್ದು. ಕಣ್ಣುಗಳು ಹಳದಿಯಾಗಿದ್ದವು. ಜನರಲ್ ವಾರ್ಡಿನ ಮೂಲೆಯ ಮಂಚದಲ್ಲಿ ಇನ್ನೂ ಸಣ್ಣದಾಗಿ ಕಾಣುತ್ತಿದ್ದರು. ಪ್ರಸನ್ನನನ್ನು ನೋಡಿ ಮುಖ ಅರಳಿತು.

“ಬಂದೀಯಪ್ಪಾ? ಛಲೋ ಆತು. ಅಲ್ಲೆ ಬಿಸಲ ಭಾಳ, ಅಲ್ಲಾ?”

ಪ್ರಸನ್ನ ನನ್ನ ಮುಖ ನೋಡಿದ, ಇವರೂ ಲಕ್ಷದ್ವೀಪಕ್ಕೆ ಹೋಗಿದ್ದರೇ ಎನ್ನುವಂತೆ. ಕಾಕಾ ಶ್ರಾವಣಕ್ಕೆ ಊರಿಗೆ ಹೋಗಿಬರುತ್ತೇನೆ ಎಂದರು. ಜೋಳದ ರೊಟ್ಟಿ ತಿನ್ನುವ ಆಸೆಯಾಗಿದೆ ಎಂದರು. ಮುಂಬಯಿಯನ್ನೇ ಒಂದು ದ್ವೀಪ ಮಾಡಿ, ಬಿಲ್ಡಿಂಗು ರೈಲು ಏನೂ ಇಲ್ಲದೆ, ಮಾಟುಂಗದ ಜಾ‌ಗದಲ್ಲಿ ಬರೀ ತೆಂಗು ಬರೆಯಬೇಕು ಎಂದರು. ಸಾಯುವ ಮನುಷ್ಯನ ಮಾತಾಗಿರಲಿಲ್ಲ ಅದು. ಬದುಕಬೇಕೆನ್ನುವ ಮನುಷ್ಯನ ಮಾತು. ಪ್ರಸನ್ನ ಔಷಧಿ ತರಲು ಹೊರಗೆ ಹೋದಾಗ ಅವರು ನನ್ನ ಕೈ ಹಿಡಿದುಕೊಂಡರು. ಕೈ ಸುಡುತ್ತಿತ್ತು.

“ಯವ್ವಾ, ನೀರ ಎಲ್ಲಿತನಕ ಬಂದೈತಿ? ಮನಿಗೆ ಹೋಗಿ ಸ್ವಲ್ಪ ನೋಡು.”

ಮನೆಗೆ ಬಂದಾಗ ಸಂಜೆ ಆರು. ಪ್ರಸನ್ನ ಮತ್ತು ಸಾನ್ವಿ ಹಾಲಿನಲ್ಲಿ ಕ್ಯಾರಂ ಆಡಲು ಕೂತರು. ನಾನು ಮಗಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದೆ. ಟೇಪು ಬೇಕಾಗಲಿಲ್ಲ. ನೊರೆ ಅವರ ಹಿಮ್ಮಡಿಗೆ ತಾಗಿತ್ತು, ದೋತರದ ಅಂಚು ನೆನೆದ ಹಾಗೆ ಕಪ್ಪಾಗಿತ್ತು. ಅಂಟಿನ ಬಣ್ಣ ಒದ್ದೆ ಬಟ್ಟೆಗೆ ಸುಲಭವಾಗಿ ಬಿಡುತ್ತದೆ. ಎರಡು ಸಲ ಎಳೆದರೆ ಸಾಕು. ಬಚ್ಚಲಿಗೆ ಹೋಗಿ ಬಟ್ಟೆ ನೆನೆಸಿಕೊಂಡು ಬಂದು, ಪರದೆಯ ಮುಂದೆ ನಿಂತೆ.

ಒರೆಸಿದರೆ ಜಾಗ ಖಾಲಿಯಾಗುತ್ತದೆ. ಖಾಲಿಯಾದರೆ ಅದು ಮೊದಲು ನಿಂತವನನ್ನು ಹುಡುಕಿಕೊಂಡು ಹೊರಡುತ್ತದೆ. ಮೊದಲು ನಿಂತವನು ಹಾಲಿನಲ್ಲಿ ಮಗಳಿಗೆ ಬೇಕೆಂದೇ ಸೋಲುತ್ತಿದ್ದ, ಅವಳು ಕಿಲಕಿಲ ನಗುತ್ತಿದ್ದಳು. ಬಟ್ಟೆಯಿಂದ ನೀರು ನನ್ನ ಪಾದದ ಮೇಲೆ ಇಳಿಯುತ್ತಿತ್ತು. ಅಲ್ಲಿ ಇನ್ನೊಬ್ಬರನ್ನು ಬರೆಯಲು ಕಾಕಾನ ಹೊರತು ಯಾರಿಗೂ ಬರುತ್ತಿರಲಿಲ್ಲ. ಒಂದು ಗೆರೆಯಾದರೂ ಎಳೆದು ನೋಡಬಹುದಿತ್ತು, ನನ್ನದೇ ಒಂದು ಫೋಟೋ ತೆಗೆಸಿಕೊಳ್ಳಬಹುದಿತ್ತು. ಆ ವಿಚಾರ ಬಂತು, ಬಂದದ್ದನ್ನು ಮುಚ್ಚಿಡುವುದಿಲ್ಲ. ಬಂದಷ್ಟೇ ಬೇಗ ಅದನ್ನು ತಳ್ಳಿಹಾಕಿದೆ.

ಬಟ್ಟೆ ಹಿಂಡಿ ಬಚ್ಚಲಿನ ಹಗ್ಗದ ಮೇಲೆ ಹರವಿದೆ. ಕೈ ಒರೆಸಿಕೊಂಡು ಅಡುಗೆಮನೆಗೆ ಹೋಗಿ ಚಹಾಕ್ಕೆ ಇಟ್ಟೆ.

ಬೆಳಿಗ್ಗೆ ಏಳು ಗಂಟೆಗೆ ಸಂಘದವರ ಫೋನ್ ಬಂತು. ಪ್ರಸನ್ನ ಅತ್ತ. ಅವನೇ ಹೆಗಲು ಕೊಟ್ಟ. ಜ್ವರ, ಮಳೆನೀರು, ವಯಸ್ಸು ಎಂದು ಎಲ್ಲರೂ ಅಂದರು. ಇಂದಿಗೂ ಯಾರಾದರೂ ಕೇಳಿದರೆ ನಾನೂ ಹಾಗೇ ಹೇಳುತ್ತೇನೆ. ಅವೆಲ್ಲ ಮೂಢನಂಬಿಕೆ, ನಾವು ಓದಿದವರು ಎನ್ನುತ್ತೇನೆ. ಆದರೆ ನಾನು ನಿಜವಾಗಿ ನಂಬದವಳಾಗಿದ್ದರೆ, ಆ ಸಂಜೆ ಮುದುಕನ ಸಮಾಧಾನಕ್ಕಾದರೂ ಎರಡು ಸಲ ಬಟ್ಟೆ ಎಳೆದುಬಿಡುತ್ತಿದ್ದೆ. ನಂಬಿದ್ದೆ. ಅದಕ್ಕೇ ಒರೆಸಲಿಲ್ಲ. ಇನ್ನೊಮ್ಮೆ ಆ ಸಂಜೆ ಬಂದರೂ ಒರೆಸುವುದಿಲ್ಲ.